ಯೂನ್ ಟೀಚರ್ ಆಡಿದ ಕನ್ನಡ

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ಚಹಾದ ನೆಪ ಮಾಡಿಕೊಂಡು ಎದ್ದು ಹೋಗುತ್ತಿದ್ದವಳು ನಾನು. ಸತ್ತವರು ಕನಸಿನಲ್ಲಿ ಬಂದು ದಾರಿ ತೋರಿಸಿದ್ದು, ಹೊರಡುವಾಗ ಯಾರೋ ಸೆರಗು ಹಿಡಿದು ಜಗ್ಗಿದಂತಾಗಿ ಬಸ್ಸು ತಪ್ಪಿ ಜೀವ ಉಳಿದದ್ದು, ಇವೆಲ್ಲ ಆಗಿಹೋದ ಮೇಲೆ ನಾವೇ ಕೂತು ಹೊಲಿದುಕೊಳ್ಳುವ ಕಥೆಗಳು ಎಂದು ನನಗೆ ಖಾತ್ರಿಯಿತ್ತು. ಈಗಲೂ ಬೇರೆಯವರು ಹೇಳಿದರೆ ನಂಬುವುದು ಕಷ್ಟವೇ. ಹಾಗಾಗಿ ನೀವು ನನ್ನನ್ನು ನಂಬಲೇಬೇಕೆಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆಯದೆ ಇಟ್ಟುಕೊಂಡ ಇಷ್ಟು ದಿನ ಅದು ನನ್ನೊಳಗೆ ಅತ್ತಿಂದಿತ್ತ ಓಡಾಡುತ್ತಲೇ ಇತ್ತು.

ನಾನು ಧಾರವಾಡದವಳು. ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ, ವೈಟ್ಟಿಲದಲ್ಲಿ ಬಾಡಿಗೆ ಮನೆ. ನಮ್ಮ ಕಂಪನಿಗೆ ಕೊರಿಯಾದ ಗಿರಾಕಿಯೊಬ್ಬರು ಸಿಕ್ಕಿದ್ದರಿಂದ ನಮ್ಮಲ್ಲಿ ಕೆಲವರಿಗೆ ಕೊರಿಯನ್ ಕಲಿಯಲು ಹೇಳಿದರು. ತ್ರಿಪ್ಪುಣಿತ್ತುರದಲ್ಲಿ ಒಂದು ಚಿಕ್ಕ ಭಾಷಾ ತರಗತಿ ನಡೆಯುತ್ತಿತ್ತು. ಸಂಜೆ ಆಫೀಸು ಮುಗಿಸಿ ಮೆಟ್ರೊ ಹಿಡಿದು ಅಲ್ಲಿಗೆ ಹೋಗುತ್ತಿದ್ದೆವು. ಅಲ್ಲಿ ಪಾಠ ಹೇಳುತ್ತಿದ್ದವರು ಯೂನ್ ಟೀಚರ್. ತಮ್ಮ ದೇಶದಲ್ಲಿ ಅವರು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರಂತೆ. ಅವಧಿಗೆ ಮೊದಲೇ ಕೆಲಸ ಬಿಟ್ಟು, ಬೇರೆ ಊರುಗಳನ್ನು ನೋಡಬೇಕೆಂಬ ಆಸೆಯಿಂದ ಭಾಷೆ ಕಲಿಸುವ ಕೆಲಸ ಹಿಡಿದು ಕೇರಳಕ್ಕೆ ಬಂದಿದ್ದರು. ಐವತ್ತು ದಾಟಿದ, ಕುಳ್ಳಗಿನ, ಬಟ್ಟೆಯ ಟೋಪಿ ಹಾಕಿಕೊಂಡು ನಡೆಯುವುದಕ್ಕಿಂತ ಹೆಚ್ಚಾಗಿ ಓಡುತ್ತಿದ್ದ ಹೆಂಗಸು.

ಇಬ್ಬರಿಗೂ ಮಲಯಾಳಂ ಅರ್ಧಂಬರ್ಧ, ಇಬ್ಬರಿಗೂ ಭಾನುವಾರ ಹೋಗಲು ಮನೆಯಿಲ್ಲ. ಸ್ನೇಹವಾಗಲು ಅಷ್ಟೇ ಸಾಕಾಯಿತು. ಪ್ರತಿ ಭಾನುವಾರ ಅವರು ನನ್ನನ್ನು ಎಬ್ಬಿಸಿಕೊಂಡು ಹೊರಡುತ್ತಿದ್ದರು. ದೋಣಿ ಹತ್ತಿ ಮಟ್ಟಾಂಚೇರಿಗೆ, ಅಲ್ಲಿಯ ಅರಮನೆಯ ಗೋಡೆಚಿತ್ರಗಳಿಗೆ, ಒಣಶುಂಠಿಯ ವಾಸನೆ ಇನ್ನೂ ಹೋಗಿರದ ಹಳೆಯ ಗೋದಾಮುಗಳಲ್ಲಿ ಏರ್ಪಡಿಸುತ್ತಿದ್ದ ಚಿತ್ರ ಪ್ರದರ್ಶನಗಳಿಗೆ. ಗಲ್ಲಿಯ ಗೋಡೆಗಳ ಮೇಲೆ ಯಾರೋ ಹುಡುಗರು ಬಿಡಿಸಿದ ಬಣ್ಣದ ಮೀನುಗಳ ಮುಂದೆಯೂ ಅವರು ಅಷ್ಟೇ ಭಕ್ತಿಯಿಂದ ನಿಲ್ಲುತ್ತಿದ್ದರು. ನಿಲ್ಲುತ್ತಿದ್ದರು ಅಷ್ಟೇ, ಕೂರುತ್ತಿರಲಿಲ್ಲ. ನನ್ನ ಕಾಲು ಸೋತು ನಾನು ಎಲ್ಲಾದರೂ ಕಟ್ಟೆ ಹುಡುಕಿ ಕೂತರೆ ಅವರು ಪಕ್ಕದಲ್ಲಿ ನಿಂತು ಕಾಲು ಬದಲಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ "ದಾಉಮ್" ಎನ್ನುತ್ತಿದ್ದರು. ಕೊರಿಯನ್ನಿನಲ್ಲಿ ಹಾಗೆಂದರೆ ಮುಂದಿನದು. ನಾನು ಏಳಲೇಬೇಕು.

ಇನ್ನು ನನ್ನ ಕಾಕುವಿನ, ಅಂದರೆ ಚಿಕ್ಕಮ್ಮನ, ವಿಷಯ ಹೇಳಬೇಕು. ನನ್ನ ತಂದೆಯ ತಮ್ಮ, ಅಂದರೆ ನನ್ನ ಕಾಕಾ, ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರ್ ಆಗಿದ್ದವರು. ಮದುವೆಯಾದ ಹೊಸತರಲ್ಲೇ ಕಾಕು ಧಾರವಾಡ ಬಿಟ್ಟು ಅಲ್ಲಿಗೆ ಹೋದರು. ಕಾಕಾ ನಿವೃತ್ತರಾದ ಮೇಲೂ ಉಳ್ಳೂರಿನ ಫ್ಲ್ಯಾಟಿನಲ್ಲೇ ಉಳಿದರು. ಮಗ ಪ್ರಣವ್ ಅಲ್ಲೇ ಹುಟ್ಟಿ ಬೆಳೆದವನು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ಮಲಯಾಳದಲ್ಲಿ ಉತ್ತರ ಕೊಡುತ್ತಾನೆ. ನನ್ನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಕಾಕುವಿನ ಮನೆಯಲ್ಲಿ ಕಳೆದವು. ಒಂದೊಂದು ಅಗುಳು ಹೆಕ್ಕಿ ತಿನ್ನುತ್ತೇನೆಂದು ಅವರು ನನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಬೇರೆ ಯಾರೂ ಹಾಗೆ ಕರೆದದ್ದಿಲ್ಲ. ದೊಡ್ಡವಳಾದ ಮೇಲೆ ಬೇರೆಯವರ ಎದುರು ಹಾಗೆ ಕರೆಯಬೇಡಿ ಎಂದು ನಾನೇ ಬೇಡಿಕೊಂಡಿದ್ದರಿಂದ, ಮನೆಯ ಹೊರಗೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ.

ನಾನು ಯೂನ್ ಟೀಚರನ್ನು ಕಾಣುವ ಮುಂಚಿನ ವರ್ಷ ಕಾಕುವಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು. ಆಸ್ಪತ್ರೆಯಲ್ಲಿ ಮೊದಲ ದಿನಗಳಲ್ಲಿ ಏನು ಕೇಳಿದರೂ ಕಾಕು ಕಣ್ಣು ತಿರುಗಿಸುತ್ತಿರಲಿಲ್ಲ. ಮಾತಾಡುವ ಶಕ್ತಿಯ ಜೊತೆಗೆ ಮಾತು ತಿಳಿದುಕೊಳ್ಳುವ ಶಕ್ತಿಗೂ ಪೆಟ್ಟಾಗಿರಬಹುದು, ಎಷ್ಟು ಮರಳುತ್ತದೋ ಕಾದು ನೋಡಬೇಕು ಎಂದು ವೈದ್ಯರು ಹೇಳಿದರು. ಮನೆಗೆ ಬಂದ ಮೇಲೆ ಎಲ್ಲರೂ ಸ್ವಲ್ಪ ಕಾಲ ಅವರ ಜೊತೆ ಮಾತಾಡಿದರು. ಉತ್ತರ ಬಾರದ ಮಾತು ಎಷ್ಟು ದಿನ ನಡೆದೀತು? ನಿಧಾನವಾಗಿ ಅವರ ಜೊತೆ ಮಾತಾಡುವುದು ನಿಂತು, ಅವರ ಎದುರಿನಲ್ಲಿ ಅವರ ಬಗ್ಗೆಯೇ ಮಾತಾಡುವುದು ಶುರುವಾಯಿತು. ಕನ್ನಡ ಕಿವಿಗೆ ಬೀಳುತ್ತಿರಲಿ ಎಂದು ಕಾಕಾ ಮಂಚದ ಎದುರಿಗೇ ಟಿವಿ ಹಾಕಿಸಿ, ಬೆಳಗಿನಿಂದ ರಾತ್ರಿಯವರೆಗೆ ಕನ್ನಡ ಚಾನೆಲ್ ಹಚ್ಚಿಡುತ್ತಿದ್ದರು. ಕಾಕುವಿನ ಎಡಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಏಳುವುದು, ಗಾಳಿಯಲ್ಲಿ ಏನನ್ನೋ ತಳ್ಳಿದಂತೆ ಮಾಡುವುದು, ಬೀಳುವುದು. ನೀರು ಬೇಕೇನೋ ಎಂದು ನೀರು ಕೊಡುತ್ತಿದ್ದರು, ಸೆಖೆಯೇನೋ ಎಂದು ಕಿಟಕಿ ತೆಗೆಯುತ್ತಿದ್ದರು.

ಆಮೇಲೆ, ಕಾಕುವನ್ನು ನೋಡಿಕೊಳ್ಳುತ್ತಿದ್ದ ಹೋಂ ನರ್ಸ್ ಮಗಳ ಹೆರಿಗೆಗೆಂದು ಊರಿಗೆ ಹೋದವರು ಮರಳಿ ಬರುವುದಿಲ್ಲವೆಂದರು. ಬೇರೆಯವರು ಸಿಗಲಿಲ್ಲ. ಕಾಕಾಗೆ ಸೊಂಟನೋವು, ಪ್ರಣವ್‌ಗೆ ಆಫೀಸು. ಕೊನೆಗೆ ತ್ರಿಪ್ಪುಣಿತ್ತುರದ ಹತ್ತಿರ ಇಂಥ ರೋಗಿಗಳನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸುವುದೆಂದು ತೀರ್ಮಾನವಾಯಿತು. ನನಗೆ ಹತ್ತಿರ, ನಾನು ಆಗಾಗ ಹೋಗಿ ನೋಡಬಹುದು ಎಂಬುದು ಕಾಕಾನ ಲೆಕ್ಕ. ಜಾಗವನ್ನು ನಾನೇ ಹೋಗಿ ನೋಡಿದ್ದೆ. ಚೊಕ್ಕಟವಾಗಿತ್ತು, ಒಳ್ಳೆಯ ಜನ. ಸೋಮವಾರ ಕರೆದುಕೊಂಡು ಬರುವುದೆಂದಾಗಿತ್ತು. ಬಟ್ಟೆಬರೆ ಜೋಡಿಸಲು ನಾನು ಶನಿವಾರವೇ ತಿರುವನಂತಪುರಕ್ಕೆ ಹೊರಟೆ.

ಯೂನ್ ಟೀಚರಿಗೆ ಅಲ್ಲಿಯ ಹಳೆಯ ಚಿತ್ರಶಾಲೆ ನೋಡುವ ಆಸೆ ಬಹಳ ದಿನಗಳಿಂದ ಇತ್ತು. ನಾನು ಹೋಗುತ್ತೇನೆಂದು ತಿಳಿದದ್ದೇ ಅವರೂ ಹೊರಟರು. ನಮ್ಮ ಚಿಕ್ಕಮ್ಮನಿಗೆ ಹುಷಾರಿಲ್ಲ, ಸಂಜೆ ಅವರ ಮನೆಗೆ ಹೋಗಬೇಕು ಎಂದಷ್ಟೇ ನಾನು ಹೇಳಿದ್ದೆ. ಇನ್ನೇನನ್ನೂ ಹೇಳಿದ ನೆನಪಿಲ್ಲ. ಅವರು ಕಾಕುವನ್ನು ಕಂಡವರಲ್ಲ, ಕಾಕುವಿನ ದನಿ ಕೇಳಿದವರೂ ಅಲ್ಲ. ನಮಗೆ ಪರಿಚಯವಾಗುವ ಹೊತ್ತಿಗೆ ಕೇಳಲು ಕಾಕುವಿಗೆ ದನಿಯೇ ಉಳಿದಿರಲಿಲ್ಲ.

ರೈಲಿನಲ್ಲಿ ನನಗೆ ಒಂದು ಕಡೆ ಕೂರಲಾಗಲಿಲ್ಲ. ಬಾಗಿಲವರೆಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಯೂನ್ ಟೀಚರ್ ನಕ್ಕು, "ಇವತ್ತು ನೀನು ನನ್ನ ಹಾಗೆ ಆಗಿದ್ದೀಯ," ಎಂದರು. ನಾವಿಬ್ಬರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ನಡುನಡುವೆ ನನ್ನ ಮುರುಕು ಕೊರಿಯನ್. ನೇರವಾಗಿ ಉಳ್ಳೂರಿಗೆ ಹೋಗಬೇಕೆನಿಸುತ್ತಿತ್ತು, ಹೋಗುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದೆಂದೂ ಅನಿಸುತ್ತಿತ್ತು. ಕೊನೆಗೆ ಚಿತ್ರಶಾಲೆಗೇ ಮೊದಲು ಹೋದೆವು.

ಅದು ಮೃಗಾಲಯದ ಪಕ್ಕದ ತೋಟದಲ್ಲಿದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ನೆಲ ತಣ್ಣಗಿತ್ತು. ಮಧ್ಯಾಹ್ನವಾದ್ದರಿಂದ ಜನ ಇರಲಿಲ್ಲ. ಮೂಲೆಯಲ್ಲಿ ಕಾವಲಿನವರೊಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹೊರಗಿನಿಂದ ಯಾವುದೋ ಕೋತಿ ಒಂದೇ ಸಮ ಕೂಗುವುದು ಕೇಳುತ್ತಿತ್ತು. ಯೂನ್ ಟೀಚರ್ ಎಂದಿನಂತೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಸರ ಸಾಗುತ್ತಿದ್ದರು. ಕೊನೆಯ ಕೋಣೆಯಲ್ಲಿ, ಹೆಸರು ಬರೆದಿರದ ಒಬ್ಬ ವಯಸ್ಸಾದ ಹೆಂಗಸಿನ ಭಾವಚಿತ್ರದ ಮುಂದೆ ನಿಂತರು. ನಾನು ಬಾಗಿಲ ಹತ್ತಿರ ನಿಂತು ಫೋನ್ ನೋಡುತ್ತಿದ್ದೆ. ಕಾಕಾ ಸಂದೇಶ ಕಳಿಸಿದ್ದರು, ಊಟಕ್ಕೆ ಕಾಯಬೇಕೋ ಬೇಡವೋ ಎಂದು. ಉತ್ತರ ಬರೆದು ತಲೆಯೆತ್ತಿದರೆ ಯೂನ್ ಟೀಚರ್ ಕೋಣೆಯ ನಡುವಿನ ಬೆಂಚಿನ ಮೇಲೆ ಕೂತಿದ್ದರು.

ಅಂತೂ ಇವರಿಗೂ ಕಾಲು ನೋಯಿತಲ್ಲ ಎಂದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಅವರ ಬಲಗೈ ಅಂಗೈ ಮೇಲಾಗಿ ತೊಡೆಯ ಮೇಲೆ ಬಿದ್ದಿತ್ತು, ಬೆರಳುಗಳು ಸ್ವಲ್ಪ ಮಡಚಿದ್ದವು. ಕಣ್ಣು ತೆರೆದೇ ಇತ್ತು. ಚಿತ್ರವನ್ನು ನೋಡುತ್ತಿದ್ದರೋ ಅದರಾಚೆಯ ಗೋಡೆಯನ್ನೋ ಹೇಳಲಾರೆ.

ಮೊದಲು ನಾಲಿಗೆ ಲೊಚಗುಟ್ಟಿದರು. ಬೇಸರವಾದಾಗ ಮಾತು ಶುರುಮಾಡುವ ಮುನ್ನ ನಮ್ಮ ಕಡೆಯ ಹೆಂಗಸರು ಮಾಡುತ್ತಾರಲ್ಲ, ಹಾಗೆ. ಆಮೇಲೆ ತಗ್ಗಿದ ದನಿಯಲ್ಲಿ, "ಗುಬ್ಬಿ," ಎಂದರು.

ನಾನು ಯೋಚಿಸಲಿಲ್ಲ. ನನ್ನ ಬಾಯಿಂದ ತಾನಾಗಿಯೇ, "ಏನ ಕಾಕು?" ಎಂದು ಬಂತು.

"ನನಗ ಎಲ್ಲಾ ಕೇಳಸ್ತದ. ಮಾತು ಹೋಗ್ಯಾವ, ಕಿವಿ ಹೋಗಿಲ್ಲ. ನಿಮ್ಮ ಕಾಕಾಗ ಹೇಳ."

ಉಸಿರು ಎಳೆದುಕೊಂಡು, "ನಾ ಎಲ್ಲೂ ಹೋಗಂಗಿಲ್ಲ. ಮೊದಲ ಆ ಟಿವಿ ಬಂದ್ ಮಾಡ್ರಿ," ಎಂದರು.

ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ದನಿ ಯೂನ್ ಟೀಚರದ್ದೇ, ಆದರೆ ಮಾತು ಧಾರವಾಡದ್ದು. ಕೊರಿಯನ್ನರ ನಾಲಿಗೆಗೆ ನಮ್ಮ 'ಳ' ಸುಲಭವಲ್ಲ. ತರಗತಿಯಲ್ಲಿ 'ಮಲಯಾಳಂ' ಎನ್ನಲು ಅವರು ಪಡುತ್ತಿದ್ದ ಪಾಡು ನೋಡಿ ನಾವು ನಗುತ್ತಿದ್ದೆವು. ಆ ಹೊತ್ತು 'ಕೇಳಸ್ತದ' ಎಂಬಲ್ಲಿ 'ಳ' ನನ್ನ ಅಜ್ಜಿ ಅಂದ ಹಾಗೆ ಬಂತು.

ಕಾವಲಿನವರು ಕುರ್ಚಿ ಸರಿಸಿದ ಸದ್ದಾಯಿತು. ಯೂನ್ ಟೀಚರ್ ಕಣ್ಣು ಮಿಟುಕಿಸಿ, ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಜಾಡಿಸಿದರು. "ಕೈ ಜೋಮು ಹಿಡಿದಿದೆ. ನಾನು ಯಾವಾಗ ಕೂತೆ?" ಎಂದರು. ಆಮೇಲೆ ಸುತ್ತ ನೋಡಿ, "ಇಲ್ಲಿ ಎಲ್ಲೋ ಟಿವಿ ಜೋರಾಗಿ ಹಾಕಿದ್ದಾರೆ ಅಲ್ಲವಾ?" ಎಂದು ಕೇಳಿದರು.

ಟಿವಿ ಎಲ್ಲೂ ಇರಲಿಲ್ಲ. ಆ ಕೋತಿ ಕೂಡ ಸುಮ್ಮನಾಗಿತ್ತು.

"ಈಗ ಏನು ಹೇಳಿದಿರಿ?" ಎಂದು ಕೇಳಿದೆ.

"ನಾನಾ? ಏನೂ ಹೇಳಲಿಲ್ಲವಲ್ಲ."

ನಾನು ಎದ್ದು ಕಾವಲಿನವರ ಹತ್ತಿರ ಹೋಗಿ, ಈ ಮೇಡಂ ಏನಾದರೂ ಮಾತಾಡಿದರಾ ಚೇಟ್ಟಾ ಎಂದು ನನಗೆ ಬಂದ ಮಲಯಾಳದಲ್ಲಿ ವಿಚಾರಿಸಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. "ನಿಙ್ಙಳ್ ರಂಡುಪೇರುಂ ಎಂದೋ ಪರಞ್ಞಲ್ಲೋ. ಹಿಂದಿಯಾಣೋ?" ಎಂದರು. ನೀವಿಬ್ಬರೂ ಏನೋ ಮಾತಾಡಿದಿರಲ್ಲ, ಹಿಂದಿಯಾ ಎಂದು.

ಆಟೋದಲ್ಲಿ ಉಳ್ಳೂರಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಆಟೋ ನಿಂತರೆ ಇಳಿದು ಓಡಿಬಿಡಬೇಕು ಎನಿಸುತ್ತಿತ್ತು. ಯೂನ್ ಟೀಚರ್ ಪಕ್ಕದಲ್ಲಿ ಬಲಗೈ ತಿಕ್ಕಿಕೊಳ್ಳುತ್ತ ಕೂತಿದ್ದರು.

ಫ್ಲ್ಯಾಟಿನ ಮೆಟ್ಟಿಲು ಹತ್ತುವಾಗಲೇ ಟಿವಿಯ ಸದ್ದು ಕೇಳಿಸಿತು. ಯಾರೋ ನಾಲ್ಕು ಜನ ಒಬ್ಬರ ಮೇಲೊಬ್ಬರು ಬಿದ್ದು ಕನ್ನಡದಲ್ಲಿ ವಾದ ಮಾಡುತ್ತಿದ್ದರು. ಪ್ರಣವ್ ಬಾಗಿಲು ತೆಗೆದ. ಕಾಕಾ ಸೋಫಾದ ಮೇಲೆ ಕೂತು ಕಾಕುವಿನ ಸೀರೆಗಳನ್ನು ಮಡಚುತ್ತಿದ್ದರು. ಕಾಕು ಮಂಚದ ಮೇಲೆ, ದಿಂಬಿಗೆ ಒರಗಿ, ಟಿವಿಯ ಎದುರಿಗೆ. ಎಡಗೈ ಏಳುತ್ತಿತ್ತು, ಬೀಳುತ್ತಿತ್ತು.

ನಾನು ಚಪ್ಪಲಿ ಬಿಡುವುದನ್ನೂ ಮರೆತು ನೇರವಾಗಿ ಹೋಗಿ ಟಿವಿ ಆರಿಸಿದೆ.

"ಯಾಕ ಬಂದ್ ಮಾಡಿದಿ?" ಎಂದರು ಕಾಕಾ. "ಆಕಿಗೆ ಅಂತನ ಹಚ್ಚೇನಿ."

ಕಾಕುವಿನ ಕೈ ಹೊದಿಕೆಯ ಮೇಲೆ ಇಳಿದು ನಿಂತುಬಿಟ್ಟಿತು. ಅವರು ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಉಸಿರು ಬಿಟ್ಟರು. ಅಷ್ಟು ತಿಂಗಳಲ್ಲಿ ಆ ಕೈ ಹಾಗೆ ಸುಮ್ಮನೆ ಇದ್ದದ್ದನ್ನು ನಾನು ನೋಡಿರಲಿಲ್ಲ.

ಮಂಚದ ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡೆ. "ಕಾಕು, ನಾ ಅನ್ನೂದು ನಿಮಗ ತಿಳೀತದೇನು? ತಿಳೀತಿದ್ರ ನನ್ನ ಕೈ ಒತ್ರಿ," ಎಂದೆ.

ಒತ್ತಿದರು.

"ಅದು ತಾನಾಗೇ ಆಗ್ತದ," ಎಂದರು ಕಾಕಾ, ಕೈಯಲ್ಲಿ ಸೀರೆ ಹಿಡಿದುಕೊಂಡೇ. "ಡಾಕ್ಟರ್ ಹೇಳ್ಯಾರಲ್ಲ. ನೀ ಸುಮ್ಮನ ತ್ರಾಸ ಮಾಡ್ಕೋಬ್ಯಾಡ."

ಪ್ರಣವ್ ಕೂಡ ನನ್ನ ಹೆಗಲ ಮೇಲೆ ಕೈಯಿಟ್ಟು, "ಅಮ್ಮೆಕ್ಕ್ ಒನ್ನುಂ ಮನಸ್ಸಿಲಾವಿಲ್ಲ, ಚೇಚೀ," ಎಂದ. ಅಮ್ಮನಿಗೆ ಏನೂ ಅರ್ಥವಾಗುವುದಿಲ್ಲ ಅಕ್ಕಾ, ಎಂದು. ಅದನ್ನೂ ಅವನು ಅಮ್ಮನ ಎದುರಿಗೇ ಹೇಳಿದ.

"ಕಾಕಾ, ನೀವ ಕೇಳ್ರಿ," ಎಂದೆ. "ನಿಮ್ಮಿಬ್ಬರಿಗೇ ಗೊತ್ತಿರೂದು ಏನರ ಕೇಳ್ರಿ. ನನಗ ಗೊತ್ತಿರಬಾರದು."

ಅವರಿಗೆ ಇಷ್ಟವಿರಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಸೀರೆ ಪಕ್ಕಕ್ಕಿಟ್ಟು ಎದ್ದು ಬಂದು ಮಂಚದ ಇನ್ನೊಂದು ಬದಿಗೆ ನಿಂತರು. ಕಾಕುವಿನ ಕೈಯನ್ನು ನಾನು ಅವರ ಕೈಗೆ ಕೊಟ್ಟೆ.

"ನಮ್ಮ ಮದುವಿ ದಿನ ನಾ ಸುತ್ತಿದ್ದ ಪಟಗಾ ಯಾವ ಬಣ್ಣದ್ದು?" ಎಂದು ಕೇಳಿದರು. "ಕೆಂಪ?"

ಕಾಕು ಕೈ ಒತ್ತಲಿಲ್ಲ.

"ಹಳದಿ?"

ಆಗಲೂ ಒತ್ತಲಿಲ್ಲ. ಕಾಕಾ ನನ್ನ ಕಡೆ ನೋಡಿದರು, ನಾ ಹೇಳಲಿಲ್ಲವೇ ಎಂಬಂತೆ. ಆಮೇಲೆ ದನಿ ತಗ್ಗಿಸಿ, "ಸುತ್ತೇ ಇರಲಿಲ್ಲೇನು?" ಎಂದರು.

ಕಾಕುವಿನ ಬೆರಳ ಗೆಣ್ಣುಗಳು ಬೆಳ್ಳಗಾದದ್ದು ನನಗೆ ಕಂಡಿತು. ಕಾಕಾ ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ಮಂಚದ ಅಂಚಿಗೆ ಕುಸಿದು ಕೂತರು. ಪಟಗಾ ಸುತ್ತಿದರೆ ತಲೆನೋವು ಬರುತ್ತದೆಂದು ಹಟ ಹಿಡಿದು ಬರಿತಲೆಯಲ್ಲೇ ಧಾರೆಗೆ ನಿಂತಿದ್ದರಂತೆ ಅವರು. ಅದನ್ನು ಹಿಡಿದು ಕಾಕು ಜೀವಮಾನವಿಡೀ ಚುಡಾಯಿಸುತ್ತಿದ್ದರಂತೆ. ಇದನ್ನು ಕಾಕಾ ನನಗೆ ಹೇಳಿದ್ದು ಆಮೇಲೆ. ಆ ಹೊತ್ತು ಅವರ ಬಾಯಿಂದ ಬಂದದ್ದು ಒಂದೇ ಮಾತು.

"ಇಷ್ಟ ದಿನ ಆಕಿ ಮುಂದ ಏನೇನ ಮಾತಾಡೇನಲ್ಲ," ಎಂದರು.

ಪ್ರಣವ್ ಅಡುಗೆಮನೆಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ನಲ್ಲಿಯ ನೀರು ಬಿಟ್ಟ ಸದ್ದು ಕೇಳುತ್ತಲೇ ಇತ್ತು.

ಈ ಗಲಾಟೆಯಲ್ಲಿ ಯೂನ್ ಟೀಚರನ್ನು ನಾವು ಮರೆತೇಬಿಟ್ಟಿದ್ದೆವು. ಅವರು ಬಾಗಿಲ ಹತ್ತಿರವೇ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಕಾಕು ಅವರನ್ನು ನೋಡಿದರು. ಪರಕೀಯರನ್ನು ಮನೆಯಲ್ಲಿ ಕಂಡ ನೋಟವಲ್ಲ ಅದು. ಕಾಕಾನ ಕೈ ಬಿಡಿಸಿಕೊಂಡು, ಎಡಗೈಯಿಂದ ಬಾ ಎಂದು ಕರೆದರು. ಯೂನ್ ಟೀಚರ್ ಬಂದು ಬಗ್ಗಿದರು. ಕಾಕು ಬೆರಳುಗಳನ್ನು ಎತ್ತಿ ಅವರ ತುಟಿಯ ಮೇಲಿಟ್ಟರು. ಸವರಲಿಲ್ಲ, ತಟ್ಟಲಿಲ್ಲ. ಇಟ್ಟು, ಹಾಗೇ ನೋಡುತ್ತಿದ್ದರು. ಯೂನ್ ಟೀಚರ್ ಅಲುಗಾಡದೆ ನಿಂತಿದ್ದರು. ಅವರ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ಆಮೇಲೆ ಕೇಳಿದಾಗ, ತನಗೂ ಗೊತ್ತಿಲ್ಲ, ಆದರೆ ತುಂಬ ಹೆದರಿಕೆಯಾಯಿತು ಎಂದರು.

ಸೋಮವಾರ ಕಾಕು ಎಲ್ಲಿಗೂ ಹೋಗಲಿಲ್ಲ. ಆ ಸಂಜೆಯೇ ಕಾಕಾ ಫೋನ್ ಮಾಡಿ ತ್ರಿಪ್ಪುಣಿತ್ತುರದ ಜಾಗ ಬೇಡವೆಂದರು. ಪ್ರಣವ್ ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದ. ಇನ್ನೊಬ್ಬ ಹೋಂ ನರ್ಸ್ ಸಿಕ್ಕರು. ನಿನಗೆ ಹೇಗೆ ತಿಳಿಯಿತು ಎಂದು ಕಾಕಾ ನನ್ನನ್ನು ಕೇಳಿದರು. ಯಾಕೋ ಹಾಗೆ ಅನಿಸಿತು ಎಂದೆ. ಬೇರೇನು ಹೇಳಲಿ? ಲೆಕ್ಕ, ಯಂತ್ರ, ಪರೀಕ್ಷೆ ಎಂದು ಆಯುಷ್ಯ ಕಳೆದ ಮನುಷ್ಯನ ಮುಂದೆ, ಒಬ್ಬ ಕೊರಿಯನ್ ಹೆಂಗಸು ನಿಮ್ಮ ಹೆಂಡತಿಯ ಪರವಾಗಿ ಧಾರವಾಡದ ಕನ್ನಡದಲ್ಲಿ ಮಾತಾಡಿದಳು ಎಂದು ನಿಂತು ಹೇಳುವ ಧೈರ್ಯ ನನಗಿರಲಿಲ್ಲ.

ಯೂನ್ ಟೀಚರಿಗೆ ಮಾತ್ರ ಹೇಳಿದೆ. ಭಾನುವಾರ ಕೊಚ್ಚಿಗೆ ಮರಳುವ ರೈಲಿನಲ್ಲಿ, ಕೊಲ್ಲಂ ದಾಟಿದ ಮೇಲೆ. ಅವರು ಆಡಿದ ಮಾತನ್ನು ಮೊದಲು ಕನ್ನಡದಲ್ಲೇ ಹೇಳಿ, ಆಮೇಲೆ ಅರ್ಥ ಹೇಳಿದೆ. ನಗಬಹುದು ಎಂದುಕೊಂಡಿದ್ದೆ, ನಗಲಿಲ್ಲ. ಮತ್ತೊಮ್ಮೆ ಹೇಳು ಎಂದರು. ಹೇಳಿದೆ. ಅವರು ಅದನ್ನು ತಾವೇ ಹೇಳಲು ಪ್ರಯತ್ನಿಸಿದರು. ಬರಲಿಲ್ಲ. 'ಳ' ಎಂಬಲ್ಲಿ ನಾಲಿಗೆ ಎಡವಿತು.

ಆಮೇಲೆ, "ನಿನ್ನ ಚಿಕ್ಕಮ್ಮ ಬಂದು ನನ್ನಲ್ಲಿ ಕೂತರು ಎಂದಿಟ್ಟುಕೋ," ಎಂದರು. "ಅಷ್ಟು ಹೊತ್ತು ನಾನು ಎಲ್ಲಿದ್ದೆ?"

ನಿಮಗೆ ಏನಾದರೂ ನೆನಪಿದೆಯಾ ಎಂದು ಕೇಳಿದೆ. ಆ ಟಿವಿಯ ಗದ್ದಲ ಬಿಟ್ಟರೆ ಏನೂ ಇಲ್ಲ ಎಂದರು.

ಆಮೇಲೆ ನಮ್ಮ ಭಾನುವಾರಗಳು ಮೊದಲಿನಂತೆ ಇರಲಿಲ್ಲ. ಹೊರಡುತ್ತಿದ್ದೆವು, ಆದರೆ ಚಿತ್ರಗಳಿರುವ ಕೋಣೆಗೆ ಬಂದರೆ ಅವರು ಬಾಗಿಲಿನಿಂದ ಹೆಚ್ಚು ದೂರ ಹೋಗುತ್ತಿರಲಿಲ್ಲ, ಒಂದು ಕೈಯಲ್ಲಿ ನನ್ನ ತೋಳು ಹಿಡಿದೇ ಇರುತ್ತಿದ್ದರು. ಒಪ್ಪಂದ ಮುಗಿಯುತ್ತಲೇ ತಮ್ಮ ದೇಶಕ್ಕೆ ಹೊರಟುಹೋದರು. ಇನ್ನೂ ಒಂದು ವರ್ಷ ಇರಿ ಎಂದು ತರಗತಿಯವರು ಕೇಳಿಕೊಂಡಿದ್ದರು.

ನಾನು ಈ ವಿಷಯವನ್ನು ನನ್ನಷ್ಟಕ್ಕೇ ಸಾಕಷ್ಟು ಅಳೆದು ಸುರಿದಿದ್ದೇನೆ. ಆ ಮಾತುಗಳನ್ನು ನಾನೇ ಆಡಿರಬಹುದು. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದು, ಅವರು ಆಡಿದಂತೆ ಕೇಳಿಸಿರಬಹುದು. ಕಾಕುವಿನ ಕೈ ಟಿವಿಯ ಕಡೆಗೇ ಏಳುತ್ತಿತ್ತು ಎಂಬುದನ್ನು ನನ್ನ ಕಣ್ಣು ಎಂದೋ ಗಮನಿಸಿ, ಬುದ್ಧಿಗೆ ತಡವಾಗಿ ತಿಳಿಸಿರಬಹುದು. ಇಬ್ಬರೂ ಮಾತಾಡಿದಿರಿ ಎಂದು ಕಾವಲಿನವರು ಹೇಳಿದ್ದಕ್ಕೆ ಹೆಚ್ಚಿನ ಬೆಲೆ ಕೊಡಬೇಕಿಲ್ಲ, ಅವರು ತೂಕಡಿಸುತ್ತಿದ್ದಿರಬಹುದು. ಹೀಗೆ ಎಲ್ಲವನ್ನೂ ಒಂದು ಹದಕ್ಕೆ ತಂದುಕೊಂಡು, ಅದು ಅಷ್ಟೇ ಎಂದು ನಾನು ನಿದ್ದೆ ಮಾಡತೊಡಗಿದ್ದೆ.

ಕಾಕುವಿಗೆ ಆಮೇಲೆ ಕೆಲವು ಮಾತುಗಳು ಬಂದವು. ವಿಚಿತ್ರವೆಂದರೆ ಬಂದದ್ದು ಮಲಯಾಳ. ಸಾಕು ಎನ್ನಲು 'ಮದಿ', ಬೇಡ ಎನ್ನಲು 'ವೇಂಡ'. ಕನ್ನಡದ ಒಂದು ಪದವೂ ಮರಳಲಿಲ್ಲ. ಒಂದು ಸಲ ಯಾರೂ ಇಲ್ಲದಾಗ ಅವರ ಕೈ ಹಿಡಿದು, ಅವತ್ತು ನೀವು ನನ್ನ ಜೊತೆ ಮಾತಾಡಿದಿರಾ, ಹೌದಾದರೆ ಒತ್ತಿ ಎಂದು ಕೇಳಿದೆ. ಅವರು ಒತ್ತಲಿಲ್ಲ. ಕೈ ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ನನ್ನನ್ನು ನೋಡುತ್ತ, "ಮದಿ," ಎಂದರು. ಸಾಕು ಎಂದು. ಮತ್ತೆ ನಾನು ಕೇಳಲಿಲ್ಲ.

ಇದಾಗಿ ಬಹಳ ದಿನಗಳ ಮೇಲೆ ಒಂದು ಸಂಜೆ ಉಳ್ಳೂರಿನ ಮನೆಯ ಬಾಲ್ಕನಿಯಲ್ಲಿ ಕಾಕಾ ಮತ್ತು ನಾನು ಕೂತಿದ್ದೆವು. ಒಳಗೆ ಕಾಕು ಮಲಗಿದ್ದರು. ಅವರ ಮಾತುಗಳ ವಿಷಯ ಬಂತು. ಮೊದಲು ಬಂದ ಪದ 'ವೇಂಡ' ಎಂದು ನಾನಂದರೆ, ಅದಕ್ಕೂ ಮೊದಲು ಒಂದು ಸಲ ಬಾಯಿ ಬಿಟ್ಟಿದ್ದಳು ಎಂದರು ಕಾಕಾ.

"ನೀ ಆ ಟೀಚರನ್ನ ಕರ್ಕೊ‍ಂಡ ಬಂದಿದ್ದಿಯಲ್ಲ, ಅವತ್ತ. ನೀ ಬರೂಕಿಂತ ಮುಂಚೆ, ಮಧ್ಯಾಹ್ನದಾಗ. ಊಟಕ್ಕ ಕಾಯಬ್ಯಾಡ್ರಿ ಅಂತ ನಿನ್ನ ಮೆಸೇಜ್ ಬಂತು ನೋಡು, ಅದರ ಹಿಂದ. ದಡಕ್ಕನ ಕಣ್ಣ ತಗದು ಮ್ಯಾಲ ನೋಡಿದ್ಲು, ನನ್ನ ನೋಡಿದ್ಲು, ಏನೋ ಅಂದ್ಲು. ಮತ್ತ ಅದನ್ನ ಅಂದ್ಲು. ಹೆದರಿಧಂಗ ಕಾಣ್ತಿತ್ತು. ಡಾಕ್ಟರಿಗೆ ಹೇಳಿದ್ರ, ಹಂಗ ಅರ್ಥ ಇಲ್ಲದ ಶಬ್ದ ಬರ್ತಾವ ಅಂದ್ರು. ನಾನೂ ಬಿಟ್ಟಬಿಟ್ಟೆ."

"ಏನಂದ್ರು?" ಎಂದೆ.

ಕಾಕಾ ನಕ್ಕರು. "ನನ್ನ ಕಿವಿಗೆ, ಯೋಗಿ ಓದಿಯೇಯೋ, ಅಂದಂಗಾತು. ಯೋಗಿ, ಓದಿಯೇನೋ ಅಂತ ಯಾರಿಗೋ ಕೇಳಿಧಂಗ. ನಮ್ಮ ಮನಿಯಾಗ ಯೋಗಿ ಅನ್ನಾಂವ ಯಾರದಾನ?"

ಕೊರಿಯನ್ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. 'ಯೊಗಿ ಒದಿಯೆಯೊ' ಎಂದರೆ ಆ ಭಾಷೆಯಲ್ಲಿ, ಇದು ಯಾವ ಜಾಗ, ನಾನೆಲ್ಲಿದ್ದೇನೆ ಎಂದು ಅರ್ಥ. ಗೊತ್ತಿಲ್ಲದ ಊರಿನಲ್ಲಿ ದಾರಿ ತಪ್ಪಿದವರು ಕೇಳುವ ಮಾತು.

ಕಾಕಾನ ಕಿವಿಗೆ ತಪ್ಪಾಗಿ ಕೇಳಿಸಿರಬಹುದು. ಟಿವಿಯೂ ಹಚ್ಚಿತ್ತು, ಅದರಲ್ಲಿ ಬಂದ ಮಾತೂ ಆಗಿರಬಹುದು. ತೊದಲಿದ್ದನ್ನು ನಾನು ನನಗೆ ಬೇಕಾದ ಹಾಗೆ ಜೋಡಿಸಿಕೊಳ್ಳುತ್ತಿರಬಹುದು. ಕಾಕಾಗೆ ನಾನು ಆ ಸಂಜೆ ಏನೂ ಹೇಳಲಿಲ್ಲ. ಯೂನ್ ಟೀಚರಿಗೂ ಹೇಳಿಲ್ಲ. ಹಬ್ಬಗಳಿಗೆ ಅವರ ಸಂದೇಶ ಬರುತ್ತದೆ, ನಾನು ಉತ್ತರಿಸುತ್ತೇನೆ. ರೈಲಿನಲ್ಲಿ ಕೇಳಿದ್ದನ್ನು ಅವರು ಮತ್ತೆ ಕೇಳಿಲ್ಲ. ಕೇಳಿದರೆ ಏನು ಹೇಳುವುದೋ ನನಗೆ ತಿಳಿಯದು. ಆ ಮಧ್ಯಾಹ್ನ ಉಳ್ಳೂರಿನ ಕೋಣೆಯಲ್ಲಿ ಮಾತಾಡಿದವರು ಯಾರೇ ಆಗಿರಲಿ, ಹೆದರಿ ಮತ್ತೆ ಮತ್ತೆ ಕೇಳಿದರು, ಮತ್ತು ಅಲ್ಲಿದ್ದ ಯಾರೂ ಅವರಿಗೆ ಉತ್ತರ ಕೊಡಲಿಲ್ಲ. ಅದು ನೆನಪಾದರೆ ನನಗೆ ಇವತ್ತಿಗೂ ಒಂದು ಕಡೆ ಕೂರಲಾಗುವುದಿಲ್ಲ.